ದೊಸೊಲೀನಾ ಕಿತ್ತ ನಲವತ್ತೊಂದು ಬಳ್ಳಿಗಳು

ದೊಸೊಲೀನಾ ಬ್ರೆಸಾನ್‌ ಕೂತು ಊಟ ಮಾಡಿದ್ದನ್ನು ಕಾಸ್ತೆನೇತ್‌ ಊರಿನಲ್ಲಿ ಯಾರೂ ಕಂಡವರಿಲ್ಲ. ಜೋಳದ ಹಿಟ್ಟಿನ ಗಟ್ಟಿ ಮುದ್ದೆ ಪೊಲೆಂಟಾದ ತುಂಡೊಂದನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಇನ್ನೇನೋ ಕೆಲಸ ಮಾಡುತ್ತ, ಒಲೆಯಿಂದ ಕಿಟಕಿಗೆ ಕಿಟಕಿಯಿಂದ ಬಾಗಿಲಿಗೆ ಓಡಾಡುತ್ತಲೇ ನುಂಗುತ್ತಿದ್ದಳು. ಚರ್ಚಿನಲ್ಲೂ ಅಷ್ಟೇ, ಕೊನೆಯ ಬೆಂಚಿನ ತುದಿಯಲ್ಲಿ ಅರ್ಧ ಕೂತು ಅರ್ಧ ಎದ್ದು ಇರುತ್ತಿದ್ದಳು. ಪಾದ್ರಿಯ ಪ್ರವಚನ ಹತ್ತು ನಿಮಿಷ ದಾಟಿದರೆ ಅವಳ ಮರದ ಚಪ್ಪಲಿ ನೆಲಕ್ಕೆ ಟಕಟಕ ಬಡಿಯತೊಡಗುತ್ತಿತ್ತು, ಪಾದ್ರಿ ಬೇಗ ಬೇಗ ಮುಗಿಸಿಬಿಡುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ಊರವರು ಆಡಿಕೊಳ್ಳುತ್ತಿದ್ದರು. ಇಂಥವರೊಬ್ಬರು ಇದ್ದರೆ ಮನೆ ಚೊಕ್ಕವಾಗಿರುತ್ತದೆ ನಿಜ, ಆದರೆ ಮನೆಯವರ ಪಾಡು ಕೇಳಬೇಡಿ.

ಅವಳ ಕಸುಬು ದ್ರಾಕ್ಷಿ ಬಳ್ಳಿ. ಚಳಿಗಾಲದಲ್ಲಿ ಸವರುವುದು, ಮಾರ್ಚ್‌ನಲ್ಲಿ ಹಸಿ ವಿಲೋ ಕಡ್ಡಿಯಿಂದ ಬಳ್ಳಿಯನ್ನು ತಂತಿಗೆ ಕಟ್ಟುವುದು, ಮೇ ತಿಂಗಳಲ್ಲಿ ಹೆಚ್ಚಿನ ಚಿಗುರು ಚಿವುಟುವುದು. ಆ ಗುಡ್ಡಸಾಲಿನ ಅರ್ಧ ತೋಟಗಳಿಗೆ ಅವಳೇ ಆಗಬೇಕು. ಎಲೆ ನೋಡಿ ತಳಿ ಹೇಳುವವರು ಬೇಕಾದಷ್ಟು ಜನ ಇದ್ದರು. ಇವಳು ಫೆಬ್ರವರಿಯಲ್ಲಿ, ಎಲೆ ಉದುರಿ ಬರಿ ಕಡ್ಡಿಯಾಗಿ ನಿಂತ ಬಳ್ಳಿಯ ಗಿಣ್ಣಿನ ಮೇಲೆ ಹೆಬ್ಬೆರಳು ಒತ್ತಿ ಹೇಳುತ್ತಿದ್ದಳು. ಒಮ್ಮೆಯೂ ತಪ್ಪಿದ್ದಿಲ್ಲ, ಹಾಗೆಂದು ಅವಳೇ ಹೇಳಿಕೊಳ್ಳುತ್ತಿದ್ದಳು, ಎದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮನುಷ್ಯರನ್ನೂ ಅವಳು ತಳಿಯ ಮೇಲೇ ತೂಗುತ್ತಿದ್ದಳು. ಪಾದ್ರಿ ಅವಳ ಲೆಕ್ಕದಲ್ಲಿ ರಿಬೊಲ್ಲಾ ದ್ರಾಕ್ಷಿ, ತೆಳ್ಳಗೆ ಹುಳ್ಳಗೆ, ಬೇಸಿಗೆಗೆ ಪರವಾಗಿಲ್ಲ. ಅಂಚೆಯವ ತಾಚಲೆಂಗೆ, ಆ ಕಪ್ಪು ಹಣ್ಣಿನ ಹುಳಿ ನಾಲಗೆ ಕೊಯ್ಯುತ್ತದೆ, ಪೀಪಾಯಿಯಲ್ಲಿ ಐದು ವರ್ಷ ಕೂಡಿಹಾಕಿದರಷ್ಟೇ ಮೆತ್ತಗಾಗುವುದು. ಸ್ವಂತ ತಮ್ಮ ಎರ್ಮೆಸ್‌ ಮೆರ್ಲೊ. "ಎಲ್ಲಿ ನೆಟ್ರೂ ಬೆಳೀತಾನೆ, ಯಾರಿಗೂ ಬೇಡ ಅನ್ಸಲ್ಲ, ಆದ್ರೆ ಒಂದು ಖಾರ ಇಲ್ಲ, ಒಂದು ಹುಳಿ ಇಲ್ಲ," ಎಂದು ಅವನ ಎದುರಿಗೇ ಹೇಳುತ್ತಿದ್ದಳು. ಅವನು ನಗುತ್ತಿದ್ದ. ಕೆಳಗಿನ ಊರಿನ ಕುರ್ಚಿ ಕಾರ್ಖಾನೆಯಲ್ಲಿ ಕೆಲಸ ಅವನಿಗೆ, ಉಗುರಿನ ಸಂದಿಯಲ್ಲಿ ಯಾವಾಗಲೂ ವಾರ್ನಿಷ್.

ಅಕ್ಕ ತಮ್ಮ ಇಬ್ಬರಿಗೂ ಅಪ್ಪ ಬಿಟ್ಟುಹೋದದ್ದು ಊರಿನ ಮೇಲ್ಭಾಗದ ಒಂದು ತೋಟ. ಮುನ್ನೂರ ಎಂಬತ್ತು ಪಿಕೊಲಿತ್‌ ಬಳ್ಳಿಗಳು. ಪಿಕೊಲಿತ್‌ ಅಂದರೆ ಈ ಗುಡ್ಡಗಳ ಮರ್ಯಾದೆ. ಬೇರೆ ತಳಿಯ ಗೊಂಚಲಲ್ಲಿ ನೂರು ಹಣ್ಣಿದ್ದರೆ ಇದರದರಲ್ಲಿ ಹದಿನೈದು, ಇಪ್ಪತ್ತು, ದೇವರು ಕೊಟ್ಟರೆ ಇಪ್ಪತ್ತೈದು. ಪುಟ್ಟ ಹಳದಿ ಹಣ್ಣು. ಹುಲ್ಲಿನ ಚಾಪೆಯ ಮೇಲೆ ಎರಡು ತಿಂಗಳು ಬಾಡಿಸಿ ಹಿಂಡಿದರೆ ಜೇನಿನ ಹಾಗೆ ಬೀಳುವ ರಸ. ಮದುವೆಗೆ, ಮಗುವಿನ ನಾಮಕರಣಕ್ಕೆ, ಬಿಷಪ್ಪರು ಬಂದಾಗ ಮಾತ್ರ ಆ ವೈನಿನ ಬಾಟಲಿ ತೆಗೆಯುವುದು. ದೊಸೊಲೀನಾ ಮದುವೆ ಆಗಿರಲಿಲ್ಲ. ಯಾಕೆ ಎಂದು ಕೇಳಿದರೆ ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದಳು. ಅವಳ ಹೆಸರಿಗೆಂದು ಇದ್ದದ್ದು ಆ ತೋಟದ ಅರ್ಧ ಭಾಗ ಒಂದೇ, ಅದರ ಮೇಲೆ ಜೀವ ಇಟ್ಟುಕೊಂಡಿದ್ದಳು.

ಆದರೆ ಆ ತೋಟದಲ್ಲೇ ಅವಳಿಗೊಂದು ನಾಚಿಕೆಯೂ ಇತ್ತು. ಅಪ್ಪ ಪಿಕೊಲಿತ್‌ ಸಾಲುಗಳ ನಡುನಡುವೆ, ಅಲ್ಲೊಂದು ಇಲ್ಲೊಂದು, ವೆರ್ದುತ್ಸೊ ಬಳ್ಳಿಗಳನ್ನು ನೆಟ್ಟುಬಿಟ್ಟಿದ್ದ. ವೆರ್ದುತ್ಸೊ ಗೊತ್ತಲ್ಲ, ಬಿಳಿ ದ್ರಾಕ್ಷಿಯಾದರೂ ಕೆಂಪಿನ ಹಾಗೆ ಒಗರು, ದಪ್ಪ ಸಿಪ್ಪೆ, ಕುಡಿದರೆ ಅಂಗುಳಕ್ಕೆ ಹಿಡಿದುಕೊಳ್ಳುತ್ತದೆ. ರೈತರ ಮನೆಯ ದಿನದ ಪಾನೀಯ. ರಾಣಿಯ ಮನೆಯಲ್ಲಿ ಕೂಲಿಯವರನ್ನು ಸೇರಿಸಿಕೊಂಡ ಹಾಗಿದೆ ಬ್ರೆಸಾನ್‌ ತೋಟ ಎಂದು ಊರವರು ಚುಡಾಯಿಸುತ್ತಿದ್ದರು. ಹುಡುಗಿಯಾಗಿದ್ದಾಗ ಒಮ್ಮೆ ಅಪ್ಪನನ್ನು ಕೇಳಿಯೂ ಕೇಳಿದ್ದಳು.

"ಇರ್ಲಿ ಬಿಡು ಮಗಳೇ, ಜೊತೆಗಿರ್ಲಿ," ಅಂದಿದ್ದ ಅಪ್ಪ. ಮಾತು ಕಡಿಮೆ ಆ ಮನುಷ್ಯನದು, ಅಷ್ಟಕ್ಕೇ ಮುಗಿಸಿದ. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಸತ್ತೂ ಹೋದ. ಯುದ್ಧದ ಕಾಲದಲ್ಲಿ ಒಳ್ಳೆ ಸಸಿ ಸಿಗದೆ ಸಿಕ್ಕಿದ್ದು ತುರುಕಿದ್ದಾನೆ ಎಂದೇ ದೊಸೊಲೀನಾ ತೀರ್ಮಾನ ಮಾಡಿಕೊಂಡಿದ್ದಳು.

ಅರವತ್ತೊಂಬತ್ತರಲ್ಲಿ ಹೊಸ ಗಾಳಿ ಬೀಸಿತು. ತೋಟದಲ್ಲಿ ಒಂದೇ ತಳಿ ಇದ್ದರೆ ಬಾಟಲಿಯ ಮೇಲೆ ಗುಡ್ಡದ ಹೆಸರು ಹಾಕಬಹುದಂತೆ, ಬೆರಕೆ ಇದ್ದರೆ ಇಲ್ಲವಂತೆ. ಎಲ್ಲರೂ ತಂತಮ್ಮ ಸಾಲು ಶುದ್ಧ ಮಾಡತೊಡಗಿದರು. ದೊಸೊಲೀನಾಗೆ ಇಷ್ಟು ಸಿಕ್ಕರೆ ಸಾಕಿತ್ತು. ಸೆಪ್ಟೆಂಬರಿನಲ್ಲಿ ಎಲೆ ಇರುವಾಗಲೇ ಒಂದೊಂದು ವೆರ್ದುತ್ಸೊ ಬಳ್ಳಿಗೂ ಕೆಂಪು ಬಟ್ಟೆಯ ಚೂರು ಕಟ್ಟಿದಳು. ಫೆಬ್ರವರಿಯಲ್ಲಿ ಗುದ್ದಲಿ ಹಿಡಿದು ಇಳಿದಳು. ಮೂರು ದಿನಕ್ಕೆ ನಲವತ್ತೊಂದು ಬಳ್ಳಿ, ಒಂದೂ ಬಿಡದೆ, ಬೇರುಸಹಿತ. ತೊಡೆ ದಪ್ಪದ ಬುಡಗಳನ್ನು ಒಲೆಗೆ ಹಾಕಿದಳು. ಆ ವಾರ ಅವಳ ಖುಷಿಯನ್ನು ನೋಡಬೇಕಿತ್ತು.

ಅದೇ ಫೆಬ್ರವರಿಯಲ್ಲಿ ಇಯೋಲೆ ಮೊದಲ ಸಲ ಬಳ್ಳಿ ಸವರಿದ್ದು. ಇಯೋಲೆ ಎರ್ಮೆಸ್‌ನ ಹೆಂಡತಿ. ನಲವತ್ತನಾಲ್ಕು ವರ್ಷಕ್ಕೆ ಮದುವೆಯಾದ ಅವನಿಗೆ ಸಿಕ್ಕವಳು ಸಮುದ್ರದ ಕಡೆಯ ಬಯಲಿನ, ಜೋಳದ ಹೊಲದ ನಡುವೆ ಬೆಳೆದ, ಮೂವತ್ತಮೂರರ ಹೆಂಗಸು. ಜೋರು ಮಾತಿಲ್ಲ, ಕೈ ನಿಧಾನ, ನಾಜೂಕು. ದೊಸೊಲೀನಾ ಅವಳಿಗೆ ಸವರುವುದನ್ನು ಕಲಿಸಿದಳು, ಅಂದರೆ ಬೆನ್ನ ಹಿಂದೆ ನಿಂತು ಬೈದಳು. "ಅಲ್ಲಲ್ಲ, ಚಿಗುರೊಡೆಯೋ ಕಣ್ಣು ಎರಡೇ ಬಿಡು. ಮೂರಲ್ಲ. ನಿಮ್ಮೂರ ಜೋಳದ ಕಡ್ಡಿ ಅಂದ್ಕೊಂಡ್ಯಾ?" ಇಯೋಲೆ ಎರಡೇ ಕಣ್ಣು ಉಳಿಸಿ ಕತ್ತರಿಸಿದಳು. ಹತ್ತು ದಿನಕ್ಕೆ ಅರ್ಧ ತೋಟ ಅವಳೇ ಮುಗಿಸಿದಳು.

ಜೂನ್‌ನಲ್ಲಿ ಪಿಕೊಲಿತ್‌ ಹೂ ಬಿಟ್ಟಿತು. ಮಳೆ ಇಲ್ಲ, ಚಳಿ ಇಲ್ಲ, ಗಾಳಿ ಹದವಾಗಿತ್ತು. ಹದಿನೈದು ದಿನ ಬಿಟ್ಟು ದೊಸೊಲೀನಾ ಹೋಗಿ ಒಂದು ಗೊಂಚಲಿನ ಕೆಳಗೆ ಅಂಗೈ ಒಡ್ಡಿದರೆ ಒಣಗಿದ ಹೂ ತೌಡಿನಂತೆ ಉದುರಿತು. ಕಾಯಿ ಕಟ್ಟಿರಲಿಲ್ಲ. ಇನ್ನೊಂದು ಗೊಂಚಲು, ಅದರಲ್ಲೂ ಇಲ್ಲ. ಸಾಲಿಗೆ ಸಾಲೇ ಬರೀ ಕಡ್ಡಿಕಡ್ಡಿ. ಎಲ್ಲೋ ಒಂದೆರಡು ಹೀಚು, ಅದೂ ಸಾಸಿವೆಯಷ್ಟಾಗಿ ಅಲ್ಲೇ ನಿಂತುಬಿಟ್ಟಿತ್ತು.

ಕಾಸ್ತೆನೇತಿನಲ್ಲಿ ದಿನಕ್ಕೆರಡು ಸಲ ಎಲ್ಲರೂ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗಬೇಕು. ಸಾಲಿನಲ್ಲಿ ನಿಂತಾಗ ಊರಿನ ಸುದ್ದಿಯೆಲ್ಲ ಅಲ್ಲೇ ಅಳೆಯುವುದು, ಹಾಲಿಗಿಂತ ಮೊದಲು.

"ಏನೇ ದೊಸೊಲೀನಾ, ನಿನ್ನ ರಾಣಿ ಈ ವರ್ಷ ಉಪವಾಸವಂತೆ?" ಎಂದು ಯಾರೋ ಕೆಣಕಿದರು.

ಮೈಯೆಲ್ಲ ಉರಿಯುತ್ತಿತ್ತು ದೊಸೊಲೀನಾಗೆ. "ಸವರಿದ್ದು ಯಾರು ಅಂತ ನೋಡ್ಕೊಳಿ. ಕೈಗುಣ ಅಂತ ಒಂದಿರತ್ತಲ್ಲ," ಅಂದಳು.

"ಮದುವೆಯಾಗಿ ಮೂರು ವರ್ಷ ಆಯ್ತಲ್ಲ ಅವ್ಳಿಗೆ. ಏನೂ ವಿಶೇಷ ಇಲ್ವಾ?"

"ಕೈ ಹೇಗೋ ಹೊಟ್ಟೇನೂ ಹಾಗೇ," ಎಂದುಬಿಟ್ಟಳು ದೊಸೊಲೀನಾ.

ಸಾಲಿನಲ್ಲಿದ್ದವರು ನಕ್ಕರು. ಆಡಿದ ಮೇಲೆ ಅವಳಿಗೇ ನಾಲಗೆ ಕಚ್ಚಿಕೊಳ್ಳುವಂತಾಯಿತು, ಆದರೆ ಕಚ್ಚಿಕೊಳ್ಳಲಿಲ್ಲ. ಮಾತು ಅವಳಿಗಿಂತ ಮುಂಚೆ ಮನೆ ಮುಟ್ಟಿತ್ತು. ಇಯೋಲೆ ಸವರುವ ಕತ್ತರಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ ಕೊಟ್ಟಿಗೆಯ ಮೊಳೆಗೆ ನೇತುಹಾಕಿದಳು. ಆಮೇಲೆ ಆ ತೋಟಕ್ಕೆ ಕಾಲಿಡಲಿಲ್ಲ. ಹಸು, ಕೋಳಿ, ಅಡಿಗೆ, ತರಕಾರಿ ಮಡಿ, ಇಷ್ಟರಲ್ಲೇ ಉಳಿದಳು. ದೊಸೊಲೀನಾಳನ್ನು ಮೊದಲಿನ ಹಾಗೇ ಅಕ್ಕ ಎಂದೇ ಕರೆಯುತ್ತಿದ್ದಳು, ಆ ಕರೆಯಲ್ಲಿ ಅಕ್ಕರೆ ಇರುತ್ತಿರಲಿಲ್ಲ ಅಷ್ಟೇ.

ಮುಂದಿನ ವರ್ಷ ಅಷ್ಟೂ ಬಳ್ಳಿಯನ್ನು ದೊಸೊಲೀನಾ ತಾನೇ ಸವರಿದಳು. ಜೂನ್‌ನಲ್ಲಿ ಮತ್ತೆ ಅದೇ ತೌಡು. ಹೋದ ವರ್ಷದ ಕೆಟ್ಟ ಕತ್ತರಿಯ ಗಾಯ ಇನ್ನೂ ಮಾಗಿಲ್ಲ ಎಂದು ಊರಿಗೆ ಹೇಳಿದಳು. ಹೇಳುವಾಗ ತನ್ನ ಮಾತು ತನಗೇ ಪೊಳ್ಳೆನಿಸಿತು, ಅದಕ್ಕೇ ಇನ್ನಷ್ಟು ಜೋರಾಗಿ ಹೇಳಿದಳು.

ಆ ಆಗಸ್ಟಿನಲ್ಲಿ ಕಣ್ಣು ತೆರೆಯಿತು. ತೋಟದ ಪೂರ್ವಕ್ಕೆ ಕಲ್ಲಿನ ಗೋಡೆ. ಗೋಡೆಯಾಚೆ ಜೆಲಿಂದೊನ ಜಾಗ. ಜೆಲಿಂದೊ ಅರವತ್ತರ ವಿಧುರ, ಬಾಯಿ ತುಂಬ ಮಾತು, ಯಾರು ಏನು ಹೇಳಿದರೂ ತನಗೆ ಬೇಕಾದ್ದೇ ನೆಡುವ ಆಸಾಮಿ. ಮೂರು ವರ್ಷದ ಹಿಂದೆ ಅಲ್ಲಿ ವೆರ್ದುತ್ಸೊ ಸಸಿ ಹಾಕಿದ್ದ, ಅವು ಆ ಬೇಸಿಗೆ ಮೊದಲ ಸಲ ಮೈತುಂಬ ಹೂ ಬಿಟ್ಟಿದ್ದವು. ದೊಸೊಲೀನಾ ಗೋಡೆಯ ಪಕ್ಕ ಕಳೆ ಕೀಳುತ್ತಿದ್ದಾಗ ಕೈಗೆ ಏನೋ ಗಟ್ಟಿಯಾಗಿ ತಾಗಿತು. ಎಲೆ ಸರಿಸಿದಳು. ಗೊಂಚಲು. ಅದರಲ್ಲಿ ಹದಿನೆಂಟು ಹಣ್ಣು.

ಗೋಡೆಗೆ ತಾಗಿದ ಮೊದಲ ಬಳ್ಳಿಯಲ್ಲಿ ಎಲ್ಲ ಗೊಂಚಲೂ ತುಂಬಿತ್ತು. ಎರಡನೆಯದರಲ್ಲಿ ಅದಕ್ಕಿಂತ ಕಡಿಮೆ. ಮೂರನೆಯದರಲ್ಲಿ ಗೊಂಚಲಿಗೆ ನಾಲ್ಕೈದು. ಐದನೆಯ ಬಳ್ಳಿ ದಾಟಿದರೆ ಬರೀ ಕಡ್ಡಿ. ಪಕ್ಕದ ಸಾಲಿನಲ್ಲೂ ಹಾಗೇ, ಅದರ ಪಕ್ಕದ್ದರಲ್ಲೂ ಹಾಗೇ. ಏಳು ಸಲ ಅವಳು ಗೋಡೆಯಿಂದ ಆ ತುದಿಗೂ ಆ ತುದಿಯಿಂದ ಗೋಡೆಗೂ ನಡೆದಳು. ಏಳನೆಯ ಸಲ ನಿಂತಳು. ಪಿಕೊಲಿತ್‌ ತಾನೇ ತಾನಾಗಿ ಕಾಯಿ ಕಟ್ಟುವ ಬಳ್ಳಿಯಲ್ಲ. ಪಕ್ಕದಲ್ಲಿ ಬೇರೆ ತಳಿಯ ಹೂ ಇದ್ದು, ಅದರ ಹುಡಿ ಗಾಳಿಯಲ್ಲಿ ಬಂದು ಬೀಳಬೇಕು. ಅಪ್ಪ ಸಸಿ ಸಿಗದೆ ತುರುಕಿದ್ದಲ್ಲ, ಎಣಿಸಿ ಎಣಿಸಿ ನೆಟ್ಟದ್ದು. ತೋಟಕ್ಕೆ ಜೀವ ಕೊಡುತ್ತಿದ್ದ ನಲವತ್ತೊಂದು ಬಳ್ಳಿಯನ್ನು ಅವಳು ತನ್ನ ಕೈಯಾರೆ ಕಿತ್ತು, ಒಲೆಗಿಟ್ಟು, ಅದರ ಮೇಲೆ ಪೊಲೆಂಟಾ ಬೇಯಿಸಿ ತಿಂದಿದ್ದಳು.

ಆವತ್ತೇ ಹೇಳಬಹುದಿತ್ತು. ಹೇಳಲಿಲ್ಲ. ಕತ್ತಲಾಗುವ ಮುಂಚೆ ಮನೆಗೆ ಬಂದಳು, ಇಯೋಲೆ ಬಟಾಣಿ ಸುಲಿಯುತ್ತಿದ್ದಳು, ದೊಸೊಲೀನಾ ಬಾಯಿ ತೆರೆದಳು, "ಕೋಳಿ ಗೂಡಿನ ಬಾಗಿಲು ಹಾಕಿದ್ಯಾ?" ಎಂದು ಕೇಳಿ ಹೊರಗೆ ಹೋಗಿಬಿಟ್ಟಳು.

ಆ ಭಾನುವಾರ ಊಟಕ್ಕೆ ಕೂತಾಗ ಎರ್ಮೆಸ್‌ ಹೇಳಿದ. "ನೋಡಕ್ಕ, ನಾನು ಮೆರ್ಲೊ ಸಸಿಗೆ ಮಾತಾಡಿದೀನಿ. ಬರೋ ಜೂನ್‌ ಒಂದು ನೋಡ್ತೀನಿ. ಆಗ್ಲೂ ಕಾಯಿ ಕಟ್ಲಿಲ್ಲ ಅಂದ್ರೆ ನವೆಂಬರಿಗೆ ಟ್ರಾಕ್ಟರು ಬರತ್ತೆ. ಎಲ್ಲ ಕೀಳ್ಸಿಬಿಡ್ತೀನಿ."

"ಅದರಲ್ಲಿ ಅರ್ಧ ನಂದು," ಎಂದಳು ದೊಸೊಲೀನಾ, ಒಲೆಯ ಹತ್ತಿರ ನಿಂತು.

"ಗೊಡ್ಡು ಬಳ್ಳೀಲಿ ಅರ್ಧ ಇಟ್ಕೊಂಡು ಏನ್ಮಾಡ್ತೀಯ?"

ಗೊಡ್ಡು ಎಂಬ ಮಾತು ಬಿದ್ದದ್ದೇ ಇಯೋಲೆ ಎದ್ದು ತಟ್ಟೆ ತೆಗೆದುಕೊಂಡು ತೊಳೆಯಲು ಹೋದಳು. ಎರ್ಮೆಸ್‌ ತಲೆ ತಗ್ಗಿಸಿದ. ಪಾಪ, ಅವನು ಬಳ್ಳಿಯ ಬಗ್ಗೆಯೇ ಹೇಳಿದ್ದು.

ಆ ಹತ್ತು ತಿಂಗಳು ದೊಸೊಲೀನಾಗೆ ಮೈಮೇಲೆ ಇರುವೆ ಬಿಟ್ಟಂತೆ ಆಗಿತ್ತು. ಬೇರೆಯವರ ತೋಟಗಳಲ್ಲಿ ಎರಡಾಳಿನ ಕೆಲಸ ಒಬ್ಬಳೇ ಮಾಡಿದಳು. ತಳಿ ಕೇಳಿದವರಿಗೆ ಗದರಿದಳು. ಇಯೋಲೆಯ ಮುಂದೆ ಹಾದುಹೋಗಬೇಕಾದಾಗಲೆಲ್ಲ ಏನಾದರೂ ಹೊರೆ ಹೊತ್ತು ಹೋಗುತ್ತಿದ್ದಳು, ಕಣ್ಣಿಗೆ ಕಣ್ಣು ಕೂಡದಿರಲಿ ಎಂದು. ಹೇಳದೆಯೇ ಸರಿಮಾಡುವ ದಾರಿಯನ್ನೂ ಹುಡುಕಿದಳು. ಜೆಲಿಂದೊ ಸವರಿ ಬಿಸಾಡಿದ ವೆರ್ದುತ್ಸೊ ಕಡ್ಡಿಗಳನ್ನು ಏಪ್ರನ್ನಿನ ಕೆಳಗೆ ಮುಚ್ಚಿ ತಂದು, ಮಾರ್ಚ್‌ನಲ್ಲಿ ಇಪ್ಪತ್ತು ಪಿಕೊಲಿತ್‌ ಬುಡಗಳ ಮೇಲೆ ಕದ್ದು ಕಸಿ ಕಟ್ಟಿದಳು. ಕಸಿ ಹಿಡಿಯಿತು. ಹಿಡಿದರೇನು, ಅದು ಹೂ ಬಿಡಲು ಎರಡು ವರ್ಷ ಬೇಕು, ಟ್ರಾಕ್ಟರು ಎಂಟೇ ತಿಂಗಳಲ್ಲಿ ಬರುತ್ತದೆ. ಈ ಲೆಕ್ಕ ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕೈ ಸುಮ್ಮನೆ ಕೂರಲಾರದೆ ಮಾಡಿದ್ದು.

ಎಪ್ಪತ್ತೆರಡರ ಜೂನ್‌ ಆರು, ಮಂಗಳವಾರ. ಮೊದಲ ಹೂ ಅರಳಿತು. ಅಮ್ಮನ ಹಳೆಯ ಕನ್ನಡಕ ಮೂಗಿಗೇರಿಸಿ ದೊಸೊಲೀನಾ ಪಿಕೊಲಿತ್‌ ಹೂವೊಂದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದಳು. ಕೇಸರಗಳೆಲ್ಲ ಸೊಂಟ ಮುರಿದಂತೆ ಕೆಳಕ್ಕೆ ಬಾಗಿದ್ದವು. ಗೋಡೆಯಾಚೆಯ ವೆರ್ದುತ್ಸೊ ಹೂವಿನಲ್ಲಿ ಅವೇ ಕೇಸರಗಳು ನೆಟ್ಟಗೆ ನಿಂತು ಬೆರಳಿಗೆ ಹಳದಿ ಹುಡಿ ಬಳಿದವು. ನಲವತ್ತು ವರ್ಷ ಎಲೆ ನೋಡಿದ್ದಳು, ಕಡ್ಡಿ ನೋಡಿದ್ದಳು, ಹಣ್ಣು ನೋಡಿದ್ದಳು. ಹೂವನ್ನು ನೋಡಿರಲಿಲ್ಲ. ಹೂವನ್ನು ನೋಡುವಷ್ಟು ಹೊತ್ತು ಅವಳು ಎಲ್ಲಿ ನಿಂತಿದ್ದಳು?

ಗೋಡೆಯ ಮೇಲಿಂದ ಜೆಲಿಂದೊನನ್ನು ಕೂಗಿದಳು.

"ನಿನ್ನ ವೆರ್ದುತ್ಸೊ ಹೂ ಬೇಕು ನಂಗೆ. ಕೊಯ್ಕೊಳ್ತೀನಿ."

ಜೆಲಿಂದೊ ಟೊಪ್ಪಿ ತೆಗೆದು ತಲೆ ಕೆರೆದುಕೊಂಡ. "ನನ್ನ ಒರಟು ವೆರ್ದುತ್ಸೊ? ಹಂದಿಗೂ ಇಡಬಾರದು ಅಂತ ಯಾರೋ ಹೇಳಿದ್ರಪ್ಪ. ಯಾರದು ಹೇಳಿದ್ದು?"

"ನಾನೇ."

"ಹೂ ಕೊಯ್ದ್ರೆ ನನ್ನ ಹಣ್ಣು ಹೋಯ್ತು. ಯಾಕೆ ಬೇಕು ಹೇಳು, ಆಮೇಲೆ ಕೊಯ್ಕೊ."

ಹೇಳಲೇಬೇಕಾಯಿತು. ಮೊದಲು ಹೇಳಿದ್ದು ಹೀಗೆ, ಇಯೋಲೆಗೂ ಅಲ್ಲ, ತಮ್ಮನಿಗೂ ಅಲ್ಲ, ಪಕ್ಕದ ತೋಟದವನಿಗೆ, ಗೋಡೆಯ ಕಲ್ಲು ಕೆರೆಯುತ್ತ. ಜೆಲಿಂದೊ ನಗುತ್ತಾನೆಂದುಕೊಂಡಿದ್ದಳು, ಅವನು ನಗಲಿಲ್ಲ.

"ಆ ಹೆಂಗಸಿನ ಮೇಲೆ ತಪ್ಪು ಹಾಕಿದ್ರಲ್ಲ ಇಡೀ ಊರವರು," ಎಂದ. "ಮೂರು ಸಾಲು ಕೊಯ್ಕೊ. ಇಬ್ಬನಿ ಆರಿದ್ಮೇಲೆ ಕೊಯ್ಯಿ, ಒದ್ದೆ ಹೂ ಪ್ರಯೋಜನ ಇಲ್ಲ."

ಒಂಬತ್ತು ಗಂಟೆಗೆ ಇಬ್ಬನಿ ಆರುತ್ತದೆ. ಮಧ್ಯಾಹ್ನ ಒಂದಕ್ಕೆ ಬಿಸಿಲಿಗೆ ಹುಡಿ ಸತ್ತುಹೋಗುತ್ತದೆ. ಆ ನಾಲ್ಕು ಗಂಟೆಯಲ್ಲಿ, ಬುಟ್ಟಿಯ ತುಂಬ ವೆರ್ದುತ್ಸೊ ಹೂಗೊಂಚಲು ಇಟ್ಟುಕೊಂಡು, ಒಂದೊಂದು ಪಿಕೊಲಿತ್‌ ಗೊಂಚಲಿನ ಮೇಲೂ ಕೊಡವಿ, ಮೊಲದ ಚರ್ಮದ ತುಂಡಿನಿಂದ ಮೆಲ್ಲಗೆ ನೇವರಿಸಬೇಕು. ಬಳ್ಳಿಗೆ ಇಪ್ಪತ್ತು ಗೊಂಚಲು. ಒಂದು ಸಲ ಮುಟ್ಟಿದರೆ ಸಾಲದು, ಒಂದೇ ಗೊಂಚಲಿನ ಹೂಗಳು ಒಂದೇ ದಿನ ಅರಳುವುದಿಲ್ಲ, ದಿನ ಬಿಟ್ಟು ದಿನ ಮತ್ತೆ ಬರಬೇಕು. ಎರಡು ದಿನ ಓಡಿ ಓಡಿ ಮಾಡಿದಳು ದೊಸೊಲೀನಾ. ಆತುರಕ್ಕೆ ಗೊಂಚಲುಗಳೇ ಮುರಿದು ಬಿದ್ದವು. ಗುರುವಾರ ಒಂದು ಗಂಟೆಗೆ ಲೆಕ್ಕ ಹಾಕಿದರೆ ಮುಗಿದದ್ದು ತೊಂಬತ್ತು ಬಳ್ಳಿ, ಅವುಗಳಿಗೂ ಎರಡನೆಯ ಸರದಿ ಬಾಕಿ. ಹೂ ಇರುವುದು ಇನ್ನು ಆರು ದಿನ. ಇದು ಒಂದು ಜೊತೆ ಕೈಯ ಕೆಲಸವಲ್ಲ. ಅದೂ ಅವಳ ಕೈಯಂಥ ಕೈಯದಂತೂ ಅಲ್ಲ, ನಿಧಾನದ ಕೈ ಬೇಕು. ಊರಿನಲ್ಲಿ ಅಂಥ ಕೈ ಯಾರದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇಯೋಲೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ದೊಸೊಲೀನಾ ಬಾಗಿಲಲ್ಲಿ ನಿಂತು ಎಲ್ಲ ಹೇಳಿದಳು. ಕೆಂಪು ಬಟ್ಟೆಯ ಚೂರು, ಗುದ್ದಲಿ, ಗೋಡೆ ಪಕ್ಕದ ಹದಿನೆಂಟು ಹಣ್ಣು, ಆಗಸ್ಟಿನಿಂದ ಗೊತ್ತಿದ್ದೂ ಹೇಳದೆ ಇದ್ದದ್ದು. ಅಷ್ಟೂ ಹೊತ್ತು ಇಯೋಲೆ ಕೆಚ್ಚಲಿನಿಂದ ಕೈ ತೆಗೆಯಲಿಲ್ಲ, ಹಾಲಿನ ಸದ್ದೂ ನಿಲ್ಲಲಿಲ್ಲ.

"ಆಗಸ್ಟಿಂದ," ಎಂದಳು ಇಯೋಲೆ.

"ಹೌದು."

"ನನ್ನ ಕೈಯಿಂದ ಆಗಿದ್ದಲ್ಲ ಅಂತ ಗೊತ್ತಿದ್ದೂ."

"ಹೌದು ಕಣೇ. ಈಗ ನೀನು ಬಂದ್ರೆ ಬಳ್ಳಿ ಉಳಿಯತ್ತೆ. ಬರದಿದ್ರೆ ನಿನ್ನ ತಪ್ಪೇನಿಲ್ಲ."

ಇಯೋಲೆ ಕ್ಯಾನನ್ನು ಪಕ್ಕಕ್ಕಿಟ್ಟು ಎದ್ದಳು. ಮುಖ ಬೆಳ್ಳಗಾಗಿತ್ತು, ದನಿ ಮಾತ್ರ ಎಂದಿನಂತೇ ಇತ್ತು. "ಅಕ್ಕ, ನೀವು ಆಡಿದ್ದು ಕೊಟ್ಟಿಗೇಲಲ್ಲ. ಡೈರೀಲಿ. ಎಲ್ಲಿ ಆಡಿದ್ರೋ ಅಲ್ಲೇ ಹೇಳಿ. ಆಮೇಲೆ ಬರ್ತೀನಿ."

ಆ ಸಂಜೆ ಡೈರಿಯ ಹೊತ್ತಿಗೆ ದೊಸೊಲೀನಾ ಹೋಗಲಿಲ್ಲ. ಕಾಲು ಬರಲಿಲ್ಲ. ಹಿತ್ತಲಲ್ಲಿ ಸೌದೆ ಒಟ್ಟಿದಳು, ಒಟ್ಟಿದ್ದನ್ನು ಕೆಡವಿ ಮತ್ತೆ ಒಟ್ಟಿದಳು. ಗುಡ್ಡಸಾಲಿನಲ್ಲಿ ಅವಳ ಮಾತಿಗೊಂದು ಬೆಲೆ ಇತ್ತಲ್ಲ, ಈ ಬಳ್ಳಿ ಯಾವುದು ದೊಸೊಲೀನಾ ಎಂದು ನಾಲ್ಕೂರಿನವರು ಬಂದು ಕೇಳುತ್ತಿದ್ದರಲ್ಲ, ಅದು ನಾಳೆಯಿಂದ ಇರುವುದಿಲ್ಲ. ಎರ್ಮೆಸ್‌ ಕಾರ್ಖಾನೆಯಿಂದ ಬಂದವನು ಇಬ್ಬರ ಮುಖವನ್ನೂ ನೋಡಿ, ಏನೂ ಕೇಳದೆ ಉಂಡು ಮಲಗಿದ. ಮೆರ್ಲೊ ಅಲ್ಲವೇ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಡೈರಿಯಲ್ಲಿ ಹದಿನಾಲ್ಕು ಜನ ಸಾಲು ನಿಂತಿದ್ದರು. ಇಯೋಲೆ ನಡುವಿನಲ್ಲಿ, ಕೈಯಲ್ಲಿ ಕ್ಯಾನು. ದೊಸೊಲೀನಾ ಕ್ಯಾನಿಲ್ಲದೆ ಬಂದು ತೂಕದ ಮೇಜಿನ ಪಕ್ಕ ನಿಂತಳು.

"ಕೇಳಿಸ್ಕೊಳಿ ಒಂದ್ನಿಮಿಷ," ಎಂದಳು. "ನಮ್ಮ ಪಿಕೊಲಿತ್‌ ಎರಡು ವರ್ಷ ಕಾಯಿ ಕಟ್ಲಿಲ್ಲ. ಇಯೋಲೆ ಕೈಗುಣ ಅಂತ ಹೇಳ್ದೆ. ಸುಳ್ಳು. ಅಪ್ಪ ನೆಟ್ಟ ವೆರ್ದುತ್ಸೊ ಬಳ್ಳೀನ ನಾನು ಕಿತ್ತೆ. ಅದರ ಹೂವಿನ ಹುಡಿ ಬೀಳದೆ ಇದು ಕಟ್ಟಲ್ಲ. ನಂಗೆ ಗೊತ್ತಿರ್ಲಿಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹಿಂದಿನಿಂದ ಅಂಚೆಯವ ಶುರುಮಾಡಿದ. "ಅಂದ್ರೆ ಇಷ್ಟು ವರ್ಷ ಎಲ್ಲರ ತಳಿ ಹೇಳ್ಕೊಂಡು ತಿರುಗಿದೋಳು ತನ್ನ ಮನೇಲಿ ಗಂಡು ಯಾವ್ದು ಹೆಣ್ಣು ಯಾವ್ದು ನೋಡ್ಲಿಲ್ಲ ಅನ್ನು."

"ಮದುವೆ ಆಗಿದ್ದಿದ್ರೆ ಗೊತ್ತಾಗ್ತಿತ್ತು ಬಿಡಿ," ಎಂದಳು ಒಬ್ಬ ಮುದುಕಿ.

ಡೈರಿಯೇ ನಕ್ಕಿತು. ದೊಸೊಲೀನಾಗೂ ನಗು ಬಂತು, ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಇಷ್ಟೇನಾ, ಇಷ್ಟಕ್ಕೆ ಹತ್ತು ತಿಂಗಳು ಒದ್ದಾಡಿದೆನಾ ಎನಿಸಿತು. ತಿರುಗಿ ಹೊರಡಬೇಕೆನ್ನುವಾಗ ಇಯೋಲೆಯನ್ನು ನೋಡಿದಳು.

ಇಯೋಲೆ ನಗುತ್ತಿರಲಿಲ್ಲ. ಸಾಲು ಮುಂದೆ ಸರಿದಿದ್ದರೂ ಅವಳು ಸರಿದಿರಲಿಲ್ಲ. ಕ್ಯಾನನ್ನು ನೆಲಕ್ಕಿಡದೆ ಎರಡೂ ಕೈಯಲ್ಲಿ ಹಿಡಿದು, ಇನ್ನೂ ಕಾಯುತ್ತಿದ್ದಳು. ಹೇಳಿದ್ದು ಅರ್ಧ ಮಾತ್ರ ಎಂದು ದೊಸೊಲೀನಾಗೆ ಆಗ ಹೊಳೆಯಿತು. ಸುಲಭದ ಅರ್ಧ. ನಗಬಹುದಾದ ಅರ್ಧ.

"ಇನ್ನೊಂದಿದೆ," ಎಂದಳು. "ಕೈ ಹೇಗೋ ಹೊಟ್ಟೇನೂ ಹಾಗೇ ಅಂತ ಇಲ್ಲೇ ನಿಂತು ಹೇಳಿದ್ದೆ. ನೀವೆಲ್ಲ ನಕ್ಕಿದ್ರಿ. ಅದಕ್ಕೆ ವೆರ್ದುತ್ಸೊನೂ ಕಾರಣ ಅಲ್ಲ, ಯಾವ್ದೂ ಕಾರಣ ಅಲ್ಲ. ನಂಗೆ ಸಿಟ್ಟಿತ್ತು, ಕೈಗೆ ಸಿಕ್ಕೋಳು ಅವ್ಳು, ಅದಕ್ಕೆ ಹೇಳಿದ್ದು. ಅವಳ ಮನಸ್ಸಲ್ಲಿ ಏನಿದೆ, ಅವಳು ಏನು ಕಾಯ್ತಿದಾಳೆ ಅಂತ ಒಂದೇ ಮನೇಲಿದ್ದು ನಂಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ."

ಈ ಸಲ ಯಾರೂ ನಗಲಿಲ್ಲ. ಮುದುಕಿ ನೆಲ ನೋಡಿದಳು. ಡೈರಿಯವನು ತಕ್ಕಡಿಯ ತೂಕದ ಕಲ್ಲನ್ನು ಹಿಡಿದವನು ಹಾಗೇ ಹಿಡಿದುಕೊಂಡಿದ್ದ. ಇಯೋಲೆ ಮುಂದೆ ಬಂದು ಕ್ಯಾನನ್ನು ಮೇಜಿನ ಮೇಲಿಟ್ಟಳು, ಹಾಲು ಅಳೆಯುವವರೆಗೂ ನಿಂತಳು, ಖಾಲಿ ಕ್ಯಾನು ತೆಗೆದುಕೊಂಡಳು.

"ಇಬ್ಬನಿ ಎಷ್ಟೊತ್ತಿಗೆ ಆರತ್ತೆ?" ಎಂದು ಕೇಳಿದಳು.

"ಒಂಬತ್ತಕ್ಕೆ."

"ಮೇಲಿನ ಸಾಲು ನಂಗಿರ್ಲಿ."

ಐದು ದಿನ ಇಬ್ಬರೂ ತೋಟದಲ್ಲಿದ್ದರು. ಮೇಲಿನ ಹತ್ತು ಸಾಲು ಇಯೋಲೆಗೆ, ಕೆಳಗಿನವು ದೊಸೊಲೀನಾಗೆ. ಬುಟ್ಟಿ ಖಾಲಿಯಾದಾಗ ಗೋಡೆಯಾಚೆಯಿಂದ ಜೆಲಿಂದೊ ತುಂಬಿಸಿ ಕೊಡುತ್ತಿದ್ದ. ಭಾನುವಾರ ಎರ್ಮೆಸ್‌ ಚರ್ಚಿನ ಪೂಜೆ ತಪ್ಪಿಸಿ ಬಂದ. ಊರೆಲ್ಲ ಹೇಳಿ ಅವನಿಗೆ ವಿಷಯ ಮುಟ್ಟಿತ್ತು. ಹೆಂಡತಿಯ ಪಕ್ಕ ನಿಂತು, "ನಾನೂ ನಂಬಿದ್ದೆ ಕಣೇ," ಎಂದ. ಇಯೋಲೆ ಮೊಲದ ಚರ್ಮದ ತುಂಡೊಂದನ್ನು ಅವನ ಕೈಗಿಟ್ಟು, "ಮೆಲ್ಲಗೆ, ಹೂ ಮುರೀಬೇಡಿ," ಎಂದಳು ಅಷ್ಟೇ. ಮಂಗಳವಾರ ಸಂಜೆ ಆಲಿಕಲ್ಲಿನ ಮೋಡ ಕಟ್ಟಿತು. ದೊಸೊಲೀನಾ ಅಂಗಳಕ್ಕೂ ಒಳಗೂ ನಲವತ್ತು ಸಲ ತಿರುಗಿದಳು. ಮೋಡ ಪಕ್ಕದ ಕಣಿವೆಗೆ ಹೋಗಿ ಬಿತ್ತು.

ಆಮೇಲಿನ ಹತ್ತು ದಿನ ತೋಟದ ಕಡೆ ಯಾರೂ ಹೋಗಬಾರದೆಂದು ದೊಸೊಲೀನಾ ಕಟ್ಟಪ್ಪಣೆ ಮಾಡಿದಳು. ಮುಟ್ಟಿದರೆ ಉದುರೀತು ಎಂದು ನೆಪ, ನಿಜವೆಂದರೆ ನೋಡಲು ಅವಳಿಗೇ ಭಯ. ಹನ್ನೊಂದನೆಯ ದಿನ ಇಯೋಲೆ ಕೇಳದೆ ಹೇಳದೆ ಬೆಳಿಗ್ಗೆಯೇ ಹತ್ತಿ ಹೋದಳು. ಮನೆಯಲ್ಲಿ ಅವಳಿಲ್ಲದ್ದು ಕಂಡು ದೊಸೊಲೀನಾ ಹಿಂದೆಯೇ ಏದುಸಿರು ಬಿಡುತ್ತ ಓಡಿದಳು.

ಇಯೋಲೆ ಮೇಲಿನ ಮೂರನೆಯ ಸಾಲಿನಲ್ಲಿ ಮೊಣಕಾಲ ಮೇಲೆ ಕೂತಿದ್ದಳು. ಎಲೆ ಸರಿಸಿ ಒಂದು ಗೊಂಚಲನ್ನು ಅಂಗೈಯಲ್ಲಿ ಆನಿಸಿಕೊಂಡು, ತೋರುಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಿದ್ದಳು. "ಹದಿಮೂರು, ಹದಿನಾಲ್ಕು..." ಅಲ್ಲಿಗೆ ತಪ್ಪಿತು. ಮತ್ತೆ ಒಂದರಿಂದ ಹಿಡಿದಳು. ಮತ್ತೆ ಅಲ್ಲೇ ತಪ್ಪಿತು. ಅವಳ ಹೆಗಲು ಅಲುಗುತ್ತಿತ್ತು.

ದೊಸೊಲೀನಾ ತನ್ನ ಸಾಲುಗಳತ್ತ ಹೋಗಲಿಲ್ಲ. ಇಯೋಲೆಯ ಪಕ್ಕದಲ್ಲಿ ಮಣ್ಣಿಗೆ ಮೊಣಕಾಲೂರಿ, ಆ ಗೊಂಚಲನ್ನು ಅವಳ ಅಂಗೈಯಲ್ಲೇ ಬಿಟ್ಟು ಎಣಿಸಿದಳು.

"ಇಪ್ಪತ್ತೇಳು," ಎಂದಳು. "ಅಪ್ಪನ ಕಾಲದಲ್ಲೂ ನಾನು ಇಷ್ಟು ಕಂಡಿಲ್ಲ."

ಇಯೋಲೆ ಏಪ್ರನ್ನಿನ ಅಂಚು ಎತ್ತಿ ಮುಖ ಒರೆಸಿಕೊಂಡಳು. "ಇದನ್ನೂ ಡೈರೀಲಿ ಹೇಳ್ತೀರಾ?" ಎಂದು ಕೇಳಿದಳು.

"ಇವತ್ತು ಸಂಜೆನೇ ಹೇಳ್ತೀನಿ."

"ಬೇಡ," ಎಂದಳು ಇಯೋಲೆ. "ಇದು ನನ್ನದು. ನಾನೇ ಹೇಳ್ತೀನಿ."